ಇಂಜಿನ್ ಬಿಚ್ಚೋಕೆ ಏನವಸರ?

ಅಲ್ಲ ರೀ, ಡ್ಯಾಶ್‌ಬೋರ್ಡಿನಲ್ಲಿ ಗಿಂಡಿಯ ಹಾಗಿರೋ ಆ ಕೆಂಪು ದೀಪ ಮಿಣುಕಿತು ಅಂದ ಮಾತ್ರಕ್ಕೆ ‘ಇಂಜಿನ್ ಕೆಲಸಕ್ಕೆ ಬಂದಿದೆ, ಇಳಿಸಿಬಿಡೋಣ’ ಅಂದರಾ ನಿಮ್ಮ ಮೇಸ್ತ್ರಿ? ಮೊದಲು ಗೇಜ್ ಹಾಕಿ ನೋಡಿದರಾ? ಇಲ್ಲ ತಾನೆ? ಸರಿ ಬಿಡಿ. ಪಿಕಪ್ ಇಲ್ಲೇ ಬೇಲಿ ಪಕ್ಕ ನಿಂತಿದೆ, ಎಲ್ಲೂ ಓಡಿಹೋಗಲ್ಲ. ನನಗೂ ಈ ಬದನೆ ಗಿಡಕ್ಕೆ ನೀರು ಬಿಡೋದು ಬಿಟ್ಟರೆ ಬೇರೆ ಕೆಲಸ ಇಲ್ಲ.

ಮಿಣುಕಿದ್ದು ಯಾವಾಗ, ಅದನ್ನು ಹೇಳಿ. ತರಕಾರಿ ಹೇರಿಕೊಂಡು ಮಂಗಳೂರಿಗೆ ಇಳಿಯುವಾಗಲೋ, ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಬಂದ ಮೇಲೋ? ಹತ್ತಿದ ಮೇಲೆ, ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿ ಗಾಡಿ ಐಡಲ್‌ನಲ್ಲಿ ಬಿಟ್ಟಾಗ. ಆಕ್ಸಿಲರೇಟರ್ ತುಸು ಒತ್ತಿದ ಕೂಡಲೇ ಆರಿತು. ನೋಡಿ, ಅರ್ಧ ಉತ್ತರ ನೀವೇ ಕೊಟ್ಟಿರಿ.

ಆ ದೀಪ ಆಯಿಲ್ ಪ್ರೆಷರಿನದು. ಆ ಪ್ರೆಷರ್ ಹುಟ್ಟಿಸೋದು ಪಂಪು ಅಂತಲೇ ಎಲ್ಲರ ನಂಬಿಕೆ. ಪಂಪು ಬರೀ ಆಯಿಲ್ ತಳ್ಳುತ್ತೆ ಅಷ್ಟೆ. ಆ ಆಯಿಲ್ ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದಿನಲ್ಲಿ ನುಸುಳಿಕೊಂಡು ಹೋಗಬೇಕು. ಸಂದು ಅಂದರೆ 0.05 ಮಿಲಿಮೀಟರ್ ಆಸುಪಾಸು, ತಲೆಗೂದಲಿನಷ್ಟೂ ದಪ್ಪ ಇರಲ್ಲ. ಅಲ್ಲಿ ಎದುರಾಗೋ ತಡೆಯೇ ನಿಮ್ಮ ಪ್ರೆಷರ್. ಬೇರಿಂಗ್ ತೇಯ್ದು ಸಂದು ಅಗಲವಾದರೂ ತಡೆ ಕಮ್ಮಿ, ಆಯಿಲೇ ನೀರಾದರೂ ತಡೆ ಕಮ್ಮಿ. ಘಾಟಿ ಹತ್ತಿ ಬಂದಾಗ ಆಯಿಲ್ ಸುಡು ಬಿಸಿ, ಐಡಲ್‌ನಲ್ಲಿ ಪಂಪಿನ ತಿರುಗಾಟ ನಿಧಾನ. ದೀಪ ಮೊದಲು ತಲೆ ಎತ್ತೋದೇ ಆಗ. ಹಾಗಾಗಿ ನಿಮ್ಮ ಗಾಡಿಯದ್ದು ಬೇರಿಂಗ್ ಇರಬಹುದು, ಆಯಿಲ್ಲೂ ಇರಬಹುದು. ಮೇಸ್ತ್ರಿ ಆಯಿಲ್ ಕಡೆ ತಿರುಗಿಯೂ ನೋಡದೆ ಬೇರಿಂಗ್ ಅಂದುಬಿಟ್ಟರು, ನನ್ನ ತಕರಾರು ಅದೇ.

ಇದರ ಉಲ್ಟಾನೂ ಒಂದಿದೆ. ಐಡಲ್‌ನಲ್ಲಿ ಎಲ್ಲ ಚೆನ್ನ, ರೇಸ್ ಕೊಟ್ಟಷ್ಟೂ ಪ್ರೆಷರ್ ಬೀಳುತ್ತೆ. ಆಗ ಕೆಳಗೆ ಆಯಿಲ್ ಚೇಂಬರ್ ಬಿಚ್ಚಿ ಸ್ಟ್ರೈನರ್ ನೋಡಬೇಕು. ಪಂಪು ಕೇಳುವಷ್ಟು ಆಯಿಲ್ ಜಾಲರಿಯಲ್ಲಿ ಹಾಯ್ತಾ ಇಲ್ಲ ಅಂತ ಅರ್ಥ. ಜಾಲರಿಯಲ್ಲಿ ಏನಿರುತ್ತೆ ಗೊತ್ತಾ? ಕರಿ ಗಸಿ ಇರುತ್ತೆ ಸರಿ, ಅದರ ಜೊತೆಗೆ ಹುಳುಗಳ ಹಾಗೆ ಸಿಲಿಕಾನ್ ಪೇಸ್ಟಿನ ಚೂರು. ಹಿಂದಿನ ಸಲ ಚೇಂಬರ್ ಕೂರಿಸಿದ ಮಹಾಶಯ ಲೀಕ್ ಆಗದಿರಲಿ ಅಂತ ಟ್ಯೂಬ್ ಪೂರ್ತಿ ಹಿಂಡಿರುತ್ತಾನೆ. ಹೊರಗೆ ಉಬ್ಬಿದ್ದನ್ನು ಬಟ್ಟೆಯಲ್ಲಿ ಒರೆಸುತ್ತಾನೆ, ಒಳಗೆ ಉಬ್ಬಿದ್ದನ್ನು ಒರೆಸೋರು ಯಾರು?

ಇರಲಿ, ಬಾನೆಟ್ ಎತ್ತಿ ಆ ಡಿಪ್‌ಸ್ಟಿಕ್ ಎಳೀರಿ. ಒರೆಸಿ ಮತ್ತೆ ಅದ್ದಿ ತೆಗೀರಿ. ಇಲ್ಲೇ ನೋಡಿ! ಮ್ಯಾಕ್ಸ್ ಗುರುತಿಗಿಂತ ಒಂದು ಬೆರಳು ಮೇಲಿದೆ. ನೀವು ಟಾಪ್‌ಅಪ್ ಮಾಡಿದಿರಾ? ಇಲ್ಲ. ಹಾಗಾದರೆ ಆಯಿಲ್ ತಾನಾಗಿ ಬೆಳೆಯಿತಾ? ಮೂಸಿ ನೋಡಿ. ಆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ, ಸ್ವಲ್ಪ ಹೊತ್ತು ಇರಲಿ. ನಡುವೆ ಕಪ್ಪು ಮಚ್ಚೆ ನಿಂತು ಸುತ್ತ ತಿಳಿಯಾದ ಉಂಗುರ ಹರಡಿಕೊಂಡರೆ ಡೀಸೆಲ್ ಸೇರಿದೆ ಅಂತ ಅನುಮಾನ ಪಡಬಹುದು. ಕಡಿಮೆ ಆದರೆ ಮಾತ್ರ ಭಯ, ಹೆಚ್ಚಾದರೆ ಒಳ್ಳೇದೇ ಅನ್ನೋ ಲೆಕ್ಕ ಬ್ಯಾಂಕಿಗೆ ಸರಿ, ಚೇಂಬರಿಗಲ್ಲ.

ಡೀಸೆಲ್ ಹೇಗೆ ಬಂತು ಅಂತೀರಾ? ಇಂಜೆಕ್ಟರ್ ಸೋರಬಹುದು, ಡೀಸೆಲ್ ಪಂಪಿನ ಸೀಲ್ ಹೋಗಿರಬಹುದು. ಆದರೆ ನಿಮ್ಮದು ಬಿಎಸ್-6 ಗಾಡಿ, 2020ರ ಏಪ್ರಿಲ್ ಆದ ಮೇಲಿನದು. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಡಿಪಿಎಫ್ ಇದೆ. ಮಸಿ ತುಂಬಿದಾಗ ಅದನ್ನು ಸುಡೋಕೆ ಹೊಗೆ ಕಾಯಿಸಬೇಕು. ಅದಕ್ಕೆ ಎಷ್ಟೋ ಇಂಜಿನ್‌ಗಳು ಸಿಲಿಂಡರಿಗೇ ತಡವಾಗಿ ಒಂದಿಷ್ಟು ಡೀಸೆಲ್ ಚಿಮುಕಿಸುತ್ತವೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲ್ ಸೇರುತ್ತೆ. ಘಾಟಿ ಟ್ರಿಪ್ ಇದ್ದ ದಿನ ಮಸಿ ಪೂರ್ತಿ ಸುಟ್ಟುಹೋಗುತ್ತೆ, ತೊಂದರೆ ಇಲ್ಲ. ಉಳಿದ ದಿನ ನಿಮ್ಮ ಮಗ ಕಟ್ಟಿನಕೆರೆ ಮಾರ್ಕೆಟ್ಟಿಂದ ಹೋಟೆಲ್ಲಿಗೆ, ಹೋಟೆಲ್ಲಿಂದ ಮನೆಗೆ ಅಂತ ಓಡಿಸ್ತಾನಲ್ಲ, ಸುಡೋದು ಶುರುವಾಗುವಷ್ಟರಲ್ಲಿ ಕೀ ಆಫ್. ಮತ್ತೆ ಶುರು, ಮತ್ತೆ ಆಫ್. ಪ್ರತಿ ಸಲವೂ ಆಯಿಲ್‌ಗೆ ಒಂದಿಷ್ಟು ಡೀಸೆಲ್. ಹುಡುಗನನ್ನು ಬೈಬೇಡಿ, ಅವನಿಗೆ ಇದನ್ನು ಯಾರೂ ಹೇಳಿಲ್ಲ.

ಹಾಗಂತ ಬೇರಿಂಗ್ ಕ್ಷೇಮ ಅಂತ ನಾನೂ ಸರ್ಟಿಫಿಕೇಟ್ ಕೊಡಲ್ಲ. ತೆಳು ಆಯಿಲ್‌ನಲ್ಲಿ ಎಷ್ಟು ದಿನ ಓಡಿದೆಯೋ. ಆಯಿಲ್ ಬದಲಿಸುವಾಗ ಹಳೇ ಫಿಲ್ಟರ್ ಎಸೆಯೋಕೆ ಬಿಡಬೇಡಿ. ಡಬ್ಬ ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಪುಡಿ ಇದ್ದರೆ ಅಯಸ್ಕಾಂತ ತೋರಿಸಿ. ಅಂಟಿದ್ದು ಕಬ್ಬಿಣ. ಅಂಟದೆ ತಾಮ್ರದ ಬಣ್ಣದಲ್ಲಿ ಹೊಳೆದರೆ ಬೇರಿಂಗಿನ ಮೇಲ್ಪದರ ಹೋಗಿ ಒಳಪದರ ಉದುರುತ್ತಿದೆ ಅಂತ ಅನ್ನಬೇಕಾಗುತ್ತೆ. ಆಗ ಮೇಸ್ತ್ರಿ ಹೇಳಿದ್ದೇ ನಿಜ, ಚೇಂಬರ್ ಇಳಿಸಲಿ.

ಹೊಸ ಆಯಿಲ್ ಹಾಕಿದ ಮೇಲೆ ಗೇಜ್. ದೀಪದ ಸ್ವಿಚ್ ಬಿಚ್ಚಿ ಅದೇ ತೂತಿಗೆ ಮುಳ್ಳಿನ ಗೇಜ್ ತಿರುಗಿಸಿ, ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ನೋಡಬೇಕು. ಕಂಪನಿ ಮ್ಯಾನುಯಲ್‌ನ ಅಂಕಿಯೇ ಕೊನೆ ಮಾತು. ಗ್ಯಾರೇಜಿನ ಕೈಲೆಕ್ಕ 1000 ಆರ್‌ಪಿಎಂಗೆ 10 ಪಿಎಸ್‌ಐ. ದೀಪ ನಂಬಿಕೊಂಡು ಕೂತರೆ ಆಗಲ್ಲ, ಸಾಮಾನ್ಯವಾಗಿ ಅದು ಹತ್ತೋದೇ 5-7 ಪಿಎಸ್‌ಐಗೆ ಇಳಿದ ಮೇಲೆ. ಗೇಜಿನಲ್ಲಿ ಪ್ರೆಷರ್ ಚೆನ್ನಾಗಿದ್ದೂ ದೀಪ ಉರಿದರೆ ಸ್ವಿಚ್ಚಿನ ವೈರ್ ಕೀಳಿ. ಆಗಲೂ ಆರದಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ. ಹಾಗೇ, ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡೋ ಮುಂಚೆ ದೀಪ ಹತ್ತಲೇಬೇಕು. ಹತ್ತದಿದ್ದರೆ ಖುಷಿ ಪಡೋ ಹಾಗಿಲ್ಲ.

ದೀಪದ ಬದಲು ಮುಳ್ಳು ಇದ್ದರೆ ವಾಸಿ ಅಂತೀರಾ? ಅಮೆರಿಕದವರ ಫೋರ್ಡ್ ಪಿಕಪ್ ಇತ್ತಲ್ಲ, 7.3 ಲೀಟರ್ ಪವರ್‌ಸ್ಟ್ರೋಕ್ ಡೀಸೆಲ್ಲಿನದು, ಅದರ ಡ್ಯಾಶ್‌ಬೋರ್ಡಿನಲ್ಲಿ ಠೀವಿಯಿಂದ ಒಂದು ಆಯಿಲ್ ಮುಳ್ಳು ಕೂತಿರುತ್ತೆ. ಅದರ ಹಿಂದೆ ಇರೋದು ಇಂಥದೇ ಆನ್-ಆಫ್ ಸ್ವಿಚ್ಚು! ಸುಮಾರು 6 ಪಿಎಸ್‌ಐ ದಾಟಿತೋ ಮುಳ್ಳು ನಡುವೆ ನಿಂತುಬಿಡುತ್ತೆ. ಆಮೇಲೆ 20 ಆದರೂ ಅಲ್ಲೇ, 60 ಆದರೂ ಅಲ್ಲೇ. ತಮಾಷೆ ಅಂದರೆ, ಆ ಇಂಜಿನ್‌ನಲ್ಲಿ ಇಂಜೆಕ್ಟರ್ ಕೆಲಸ ಮಾಡೋದೇ ಆಯಿಲ್ ಒತ್ತಡದಿಂದ. ಅಷ್ಟೆಲ್ಲ ಆಯಿಲ್ ನಂಬಿದ ಗಾಡಿಗೆ ಮುಳ್ಳು ಮಾತ್ರ ಬೊಂಬೆ.

ಏನಂದ್ರಿ, ದಪ್ಪ ಆಯಿಲ್ಲಾ? 20ಡಬ್ಲ್ಯೂ-50 ಸುರಿದು ದೀಪ ಆರಿಸಿಕೊಡ್ತೀನಿ ಅಂದನಾ ಪೆಟ್ರೋಲ್ ಬಂಕಿನ ಹುಡುಗ? ದೀಪ ಆರುತ್ತೆ, ನಿಜ. ಆದರೆ ಬೇರಿಂಗ್ ತೇಯ್ದಿದ್ದರೆ ತೇಯ್ತಾನೇ ಇರುತ್ತೆ, ಡೀಸೆಲ್ ಇಳಿಯೋದಿದ್ದರೆ ಇಳೀತಾನೇ ಇರುತ್ತೆ. ನಿಮಗೆ ಗೊತ್ತಾಗಲ್ಲ ಅಷ್ಟೆ. ಮೇಲಾಗಿ ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಬಿಡೋ ಆಯಿಲ್ಲೇ ಬೇಕು. ಮ್ಯಾನುಯಲ್‌ನಲ್ಲಿ ಯಾವ ಗ್ರೇಡ್ ಬರೆದಿದೆಯೋ ಅದನ್ನೇ ಹಾಕಿಸಿ. ಮ್ಯಾನುಯಲ್ ಗ್ಲೋವ್ ಬಾಕ್ಸಿನಲ್ಲೇ ಇರುತ್ತೆ, ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲ್ಲ.

ನಾಳೆ ಬೀನ್ಸ್ ಲೋಡ್ ಇದೆಯಾ? ಬೇರೆ ಗಾಡಿಗೆ ಹೇಳಿಬಿಡಿ, ಬಾಡಿಗೆ ಹೋದರೆ ಹೋಗಲಿ. ಈ ಆಯಿಲ್ ಇಟ್ಟುಕೊಂಡು ಘಾಟಿ ಬೇಡ. ಆ ಡಿಪ್‌ಸ್ಟಿಕ್ ವಾಪಸ್ ಸಿಕ್ಕಿಸಿ, ಮೇಸ್ತ್ರಿಗೆ ಫೋನ್ ಮಾಡಿ ಗೇಜ್ ಇದೆಯಾ ಕೇಳಿ. ಇಲ್ಲ ಅಂದರೆ ಬೇರೆ ಮೇಸ್ತ್ರಿ.