ಲಕ್ಷ್ಮೀಶನ ಊರಿಗೊಬ್ಬ ಲೈಫ್ ಕೋಚ್

ಮಳೆಗೆ ಆಗಾಗ ಬರ ಬೀಳುವ ಕಡೂರಿನ ಬಯಲುಸೀಮೆಯಲ್ಲಿ ಬುದ್ಧಿವಾದಕ್ಕೆ ಬರ ಬಂದುದನ್ನು ಮಾತ್ರ ನಾನು ಕಂಡವನಲ್ಲ. ನಮ್ಮ ದೇವನೂರಿನಲ್ಲಿ ಒಬ್ಬನು ಬೋರು ಕೊರೆಸಲು ಹೊರಟನೆಂದರೆ, ಹೆಣ್ಣು ನೋಡಲು ಹೊರಟನೆಂದರೆ, ಅಷ್ಟೇಕೆ, ಮೊಣಕಾಲನ್ನು ನೀವಿಕೊಳ್ಳುತ್ತ ಜಗಲಿಯ ಮೇಲೆ ಸುಮ್ಮನೆ ಕುಳಿತನೆಂದರೂ ಸಾಕು, ದಾರಿಯಲ್ಲಿ ಹೋಗತಕ್ಕವರು ತಮ್ಮ ಕಾರ್ಯವನ್ನು ಬದಿಗಿರಿಸಿ, ಕೇಳದಿದ್ದರೂ ಹೇಳಿ, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, ಕಡೆಗೆ 'ಆಮೇಲೆ ನಿನ್ನಿಷ್ಟಪ್ಪ' ಎಂಬ ಭರತವಾಕ್ಯವನ್ನು ನುಡಿದೇ ಮುಂದೆ ಸಾಗುವರು. ಇಂತಹ ಸಮೃದ್ಧಿಯ ನಡುವೆ ಬಾಳಿದ ನನಗೆ, ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನು ಹಣ ತೆತ್ತು ಒಬ್ಬ ಲೈಫ್ ಕೋಚನ್ನು ಗೊತ್ತುಮಾಡಿದ್ದು, ತೆಂಗಿನ ತೋಟದವನ ಮನೆಗೆ ಪೇಟೆಯಿಂದ ಎಳನೀರು ಕೊಂಡು ತಂದಂತಾಯಿತು.

"ಮಾವ, ನಿವೃತ್ತರಾದಮೇಲೆ ನೀವು ಮಂಕಾಗಿಬಿಟ್ಟಿದ್ದೀರಿ. ಇವರು ಬುದ್ಧಿ ಹೇಳುವವರಲ್ಲ, ಬರೀ ಪ್ರಶ್ನೆ ಕೇಳುತ್ತಾರೆ" ಎಂದನು ಅಳಿಯ. ಆಯುಷ್ಯದ ಬಹುಭಾಗವನ್ನು ಹೈಸ್ಕೂಲಿನಲ್ಲಿ ಪ್ರಶ್ನೆ ಕೇಳುತ್ತಲೇ ಕಳೆದು, ಅದಕ್ಕೆ ಸರ್ಕಾರದಿಂದ ಸಂಬಳವನ್ನೂ ಪಡೆದ ನನಗೆ, ಅದೇ ವೃತ್ತಿಯು ಹೊಸ ನಾಮಧೇಯದಿಂದ ಪುನರವತರಿಸಿರುವುದನ್ನು ಕೇಳಿ ಕುತೂಹಲವುಂಟಾಯಿತು. ವಿಚಾರಿಸಲಾಗಿ, ಈ ವಿದ್ಯೆಯ ಮೂಲವು ಟೆನಿಸ್ ಅಂಗಳದಲ್ಲಿದೆಯೆಂದು ತಿಳಿಯಿತು. ತಿಮೋತಿ ಗಾಲ್ವೇ ಎಂಬ ಅಮೆರಿಕದ ಟೆನಿಸ್ ಶಿಕ್ಷಕನು, ಆಟಗಾರನ ನಿಜವಾದ ಎದುರಾಳಿ ಅವನ ತಲೆಯೊಳಗೇ ಇರುವನೆಂಬ ತತ್ತ್ವವನ್ನು 1974ರಲ್ಲಿ ಪುಸ್ತಕವಾಗಿ ಬರೆದನು. ಕಾರಿನ ಪಂದ್ಯಗಳಲ್ಲಿ ಹೆಸರು ಮಾಡಿದ್ದ ಜಾನ್ ವಿಟ್ಮೋರ್ ಎಂಬ ಆಂಗ್ಲನು ಅದನ್ನು ಕಚೇರಿಗಳಿಗೆ ತಂದು 1992ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. 1995ರಲ್ಲಿ ಥಾಮಸ್ ಲಿಯೊನಾರ್ಡ್ ಎಂಬಾತನು ಈ ಕಸುಬಿನವರಿಗೊಂದು ಅಂತರರಾಷ್ಟ್ರೀಯ ಸಂಘವನ್ನೂ ಕಟ್ಟಿದನು. ಚೆಂಡಿನಿಂದ ಹೊರಟ ವಿದ್ಯೆ ಇಷ್ಟು ದೂರ ಬಂದು ನನ್ನ ಮೊಬೈಲಿನೊಳಗೆ ಕುಳಿತಿದೆಯೆಂದಮೇಲೆ ಬಾಗಿಲು ಹಾಕಿಕೊಳ್ಳುವುದು ಅತಿಥಿಧರ್ಮಕ್ಕೆ ವಿರುದ್ಧವೆಂದು ಒಪ್ಪಿದೆನು.

ಮೊದಲ ಭೇಟಿಯು ಉಚಿತ. ಮೊಬೈಲಿನ ಪರದೆಯಲ್ಲಿ ಕಾಣಿಸಿಕೊಂಡವಳು ನನ್ನ ಕಿರಿಯ ಮಗಳ ವಯಸ್ಸಿನ, ವಿನಯವತಿಯಾದ ಒಬ್ಬ ಹುಡುಗಿ. ತಾನು ವೈದ್ಯಳಲ್ಲ, ಜ್ಯೋತಿಷಿಯಲ್ಲ, ನಾನಾಡಿದ ಮಾತು ಮೂರನೆಯವರ ಕಿವಿಗೆ ಬೀಳುವುದಿಲ್ಲ, ಮತ್ತು ಫಲಾಫಲಗಳಿಗೆ ನಾನೇ ಜವಾಬ್ದಾರನು, ಎಂಬ ಕರಾರನ್ನು ಆಕೆ ಓದಿ ಹೇಳಿದಳು. ಆಮೇಲೆ, "ನಿಮಗೆ ನಿಜವಾಗಿ ಏನು ಬೇಕು, ಸರ್?" ಎಂದು ಕೇಳಿ ಸುಮ್ಮನಾದಳು. ನಾನೂ ಸುಮ್ಮನಿದ್ದೆ. ನಮ್ಮಲ್ಲಿ ಪ್ರಶ್ನೆ ಕೇಳಿದವರೇ ಉತ್ತರವನ್ನೂ ಹೇಳಿಬಿಡುವುದು ವಾಡಿಕೆಯಾದುದರಿಂದ ನಾನು ಅದಕ್ಕಾಗಿ ಕಾದೆ. ಮೌನವು ಬೆಳೆಯಿತು. ನೆಟ್‌ವರ್ಕ್ ಹೋಗಿರಬೇಕೆಂದು ಮೊಬೈಲನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿದು, "ಹಲೋ, ಕೇಳಿಸುತ್ತಿದೆಯೇನಮ್ಮ?" ಎಂದು ಕೂಗಿದೆ. "ಕೇಳಿಸುತ್ತಿದೆ ಸರ್. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ" ಎಂದಳು. "ನೀನೇ ಹೇಳಮ್ಮ, ನನಗೇನು ಬೇಕಾಗಿರಬಹುದು?" ಎಂದರೆ, "ನಿಮಗೇನನ್ನಿಸುತ್ತೆ ಸರ್?" ಎಂದಳು. ದೇವನೂರಿನಲ್ಲಿ ಹುಟ್ಟಿ ಬೆಳೆದ ಯಾರನ್ನೇ ಆಗಲಿ ತಬ್ಬಿಬ್ಬುಗೊಳಿಸಲು ಇಷ್ಟು ಸಾಕು.

ಮುಂದಿನ ವಾರಕ್ಕೆ ಮನೆಗೆಲಸವಾಗಿ 'ಜೀವನಚಕ್ರ'ವೆಂಬುದನ್ನು ಬರೆಯತಕ್ಕದ್ದೆಂದು ಅಪ್ಪಣೆಯಾಯಿತು. ಹಾಳೆಯ ಮೇಲೆ ಸ್ಟೀಲಿನ ತಟ್ಟೆಯನ್ನು ಬೋರಲು ಹಾಕಿ, ಸುತ್ತ ಗೆರೆಯೆಳೆದು, ಎಂಟು ಪಾಲು ಮಾಡಿ, ಆರೋಗ್ಯ, ಹಣ, ಕೆಲಸ, ಸ್ನೇಹ, ದಾಂಪತ್ಯ ಮುಂತಾಗಿ ಹೆಸರಿಟ್ಟು, ಒಂದೊಂದಕ್ಕೂ ಹತ್ತರಲ್ಲಿ ಎಷ್ಟು ಅಂಕವೆಂದು ತುಂಬಬೇಕು. ನಮ್ಮ ಜೋಯಿಸರು ಹನ್ನೆರಡು ಮನೆ ಬರೆದು ಕೊಡುತ್ತಿದ್ದರು. ಇವರು ನಾಲ್ಕನ್ನು ಕಡಿಮೆ ಮಾಡಿದ್ದಲ್ಲದೆ, ಬರೆಯುವ ಕೆಲಸವನ್ನೂ ನಮಗೇ ವಹಿಸಿದ್ದಾರೆ. ಅಂಕ ಕೊಡುವುದು ನನಗೆ ಕರತಲಾಮಲಕವಾದ ವಿದ್ಯೆಯಷ್ಟೆ. ಕೆಂಪು ಪೆನ್ನನ್ನು ಹುಡುಕಿ ತೆಗೆದು, ನನ್ನ ಬಿಗಿ ಮೌಲ್ಯಮಾಪನದ ಕೀರ್ತಿಗೆ ಕುಂದು ಬಾರದಂತೆ, ಆರೋಗ್ಯಕ್ಕೆ ಐದು, ಹಣಕ್ಕೆ ಆರು, ದಾಂಪತ್ಯಕ್ಕೆ ಏಳು ಎಂದು ಬರೆದೆ. ಏಳೆಂದರೆ ಪ್ರಥಮ ದರ್ಜೆ. ನನ್ನ ಕೈಯಲ್ಲಿ ಏಳು ಪಡೆದ ಹುಡುಗರು ಮನೆಗೆ ಓಡಿಹೋಗಿ ಹೇಳಿಕೊಳ್ಳುತ್ತಿದ್ದರು. ಕಾಫಿಯ ಲೋಟವನ್ನಿಡಲು ಬಂದ ನನ್ನ ಮನೆಯಾಕೆ ಹಾಳೆಯನ್ನು ನಿಧಾನವಾಗಿ ಓದಿ, "ರೀ, ಇನ್ನು ಮೂರು ಎಲ್ಲಿ ಹೋಯಿತು?" ಎಂದಳು. ಪ್ರಥಮ ದರ್ಜೆಯ ವಿವರಣೆಯನ್ನು ಆಕೆ ಪೂರ್ತಿಯಾಗಿ ಆಲಿಸಿ, ಕಾಫಿಯನ್ನು ಒಳಕ್ಕೆ ತೆಗೆದುಕೊಂಡು ಹೋದಳು.

ಆ ಸಂಜೆ ಲಕ್ಷ್ಮೀಕಾಂತಸ್ವಾಮಿಯ ಗುಡಿಯಲ್ಲಿ ಏಕಾಂತವಾಗಿ ಕುಳಿತಾಗ ನಮ್ಮೂರ ಕವಿಯು ಜ್ಞಾಪಕಕ್ಕೆ ಬಂದನು. ಈ ದೇವರ ಅಂಕಿತದಲ್ಲಿ ಲಕ್ಷ್ಮೀಶನು ವಾರ್ಧಕ ಷಟ್ಪದಿಯ 34 ಸಂಧಿಗಳಲ್ಲಿ ರಚಿಸಿದ ಜೈಮಿನಿ ಭಾರತವು ಆರಂಭವಾಗುವುದೇ, ಯೋಚಿಸಿ ನೋಡಿದರೆ, ಒಂದು ಕೋಚಿಂಗಿನಿಂದ. ಯುದ್ಧವನ್ನು ಗೆದ್ದೂ ಬಂಧುಹತ್ಯೆಯ ದುಃಖದಿಂದ ಕುಗ್ಗಿದ ಧರ್ಮರಾಯನ ಬಳಿಗೆ ವ್ಯಾಸರು ಬರುತ್ತಾರೆ. ಗುರಿ, ಸದ್ಯದ ಸ್ಥಿತಿ, ಇರುವ ದಾರಿ, ಮಾಡುವ ಮನಸ್ಸು ಎಂದು ವಿಟ್ಮೋರನ ಗ್ರಂಥವು ಹೇಳುವ ನಾಲ್ಕು ಮೆಟ್ಟಿಲುಗಳೂ ಅಲ್ಲಿವೆ: ಅಶ್ವಮೇಧವು ಗುರಿ, ಬೊಕ್ಕಸದಲ್ಲಿ ಹಣವಿಲ್ಲ, ಲಾಯದಲ್ಲಿ ತಕ್ಕ ಕುದುರೆಯಿಲ್ಲ ಎಂಬುದು ಸ್ಥಿತಿ, ಹಿಮಾಲಯದಲ್ಲಿ ಮರುತ್ತನು ಬಿಟ್ಟುಹೋದ ಧನ, ಭದ್ರಾವತಿಯಲ್ಲಿ ಯೌವನಾಶ್ವನ ಕುದುರೆ, ಇವು ದಾರಿ, ತರುತ್ತೇನೆಂದು ಭೀಮನು ಎದ್ದದ್ದು ಮನಸ್ಸು. ಆದರೆ ವ್ಯಾಸರು "ನಿನಗೇನನ್ನಿಸುತ್ತೆ?" ಎಂದು ಕಾಯುತ್ತ ಕೂರಲಿಲ್ಲ, ಹಣವಿರುವ ಸ್ಥಳವನ್ನೇ ತೋರಿಸಿದರು. ಕಾಯುತ್ತ ಕುಳಿತಿದ್ದರೆ ಧರ್ಮರಾಯನು ಕಾಡಿಗೆ ಹೊರಟೇಬಿಡುತ್ತಿದ್ದನೆಂದು ನನ್ನ ಅನುಮಾನ.

ಅದೇ ಕಾವ್ಯದಲ್ಲಿ ಬರುವ ಉದ್ದಾಲಕ ಮುನಿಯ ಕಥೆಯಂತೂ ಈ ವಿಷಯದಲ್ಲಿ ಪ್ರಮಾಣಗ್ರಂಥವೇ ಸರಿ. ಹೇಳಿದ್ದಕ್ಕೆಲ್ಲ ತಿರುಗುಮುರುಗು ಮಾಡುವ ಹೆಂಡತಿ ಚಂಡಿಯಿಂದ ಸೊರಗಿದ ಆತನನ್ನು ಕೌಂಡಿನ್ಯರು ಬಂದು ಕಂಡು, ಕಾರಣ ಕೇಳಿ, ಬೇಕಾದುದನ್ನು ಬೇಡವೆಂದು ಹೇಳೆಂಬ ಉಪಾಯವನ್ನು ಸೂಚಿಸಿದರು. ಉಪಾಯವು ಫಲಿಸಿತು, ಮಾಡುವುದಿಲ್ಲವೆಂದ ಪಿತೃಶ್ರಾದ್ಧವು ವಿಜೃಂಭಣೆಯಿಂದ ನಡೆಯಿತು. ಎಲ್ಲ ಮುಗಿದ ಸಂತೋಷದಲ್ಲಿ ಮುನಿಯು ಮೈಮರೆತು, ಪಿಂಡವನ್ನು ಗಂಗೆಯಲ್ಲಿ ಬಿಡೆಂದು ನೇರವಾಗಿ ಹೇಳಿದನು, ಆಕೆ ತಿಪ್ಪೆಗೆಸೆದಳು, ಶಾಪಕೊಟ್ಟು ಆಕೆಯನ್ನು ಕಲ್ಲಾಗಿಸಿದನು. ಕೌಂಡಿನ್ಯರನ್ನು ಯಾರೂ ದೂರಲಿಲ್ಲ. ಕರಾರಿನಲ್ಲಿ ನನ್ನ ಹುಡುಗಿಯು ಓದಿ ಹೇಳಿದ್ದೂ ಅದನ್ನೇ ಅಲ್ಲವೇ?

ಹಾಗೆಂದು ಫಲವೇ ಇಲ್ಲವೆಂದರೆ ಅಧರ್ಮವಾದೀತು. ಬಹಳ ಕೆಣಕಿದಮೇಲೆ ನನ್ನ ಬಾಯಿಂದಲೇ ಹೊರಟ ಅಪೇಕ್ಷೆಯೆಂದರೆ, ಜೈಮಿನಿ ಭಾರತವನ್ನು ಮೊದಲಿನಿಂದ ಕಡೆಯವರೆಗೆ ಒಮ್ಮೆ ಗಟ್ಟಿಯಾಗಿ ಓದಬೇಕೆಂಬುದು. ಊರಲ್ಲಿ ಹುಟ್ಟಿಯೂ ಪಠ್ಯದ ಭಾಗಗಳಾಚೆಗೆ ಹೋದವನಲ್ಲ ನಾನು. ಅದನ್ನೇ ಕಟ್ಟೆಯ ಮೇಲೆ ಹೇಳಿದ್ದರೆ, ಯಾವ ಮುದ್ರಣ ಒಳ್ಳೆಯದು, ಕಣ್ಣಿಗೆ ಯಾವ ಡಾಕ್ಟರು, ಈ ವಯಸ್ಸಿನಲ್ಲಿ ಏಕೆ, ಎಂದು ಕತ್ತಲಾಗುವವರೆಗೆ ಚರ್ಚೆ ನಡೆದು, ಓದು ಮಾತ್ರ ಉಳಿದುಹೋಗುತ್ತಿತ್ತು. ಹುಡುಗಿಯು "ವಾರಕ್ಕೆ ಎಷ್ಟು ಸರ್? ಯಾವ ಹೊತ್ತಿನಲ್ಲಿ?" ಎಂದಷ್ಟೇ ಕೇಳಿ ಬರೆದುಕೊಂಡಳು, ಮುಂದಿನ ವಾರ ಮರೆಯದೆ ಕೇಳಿದಳು. "ಕರೆಂಟ್ ಇರಲಿಲ್ಲಮ್ಮ" ಎಂದು, ನನ್ನ ವಿದ್ಯಾರ್ಥಿಗಳು ನನಗೆ ಹೇಳುತ್ತಿದ್ದುದನ್ನೇ ಹೇಳಿನೋಡಿದೆ, "ಹಗಲು ಓದಬಹುದಲ್ಲವೇ ಸರ್?" ಎಂದು, ನಾನು ಅವರಿಗೆ ಹೇಳುತ್ತಿದ್ದುದನ್ನೇ ಹೇಳಿದಳು. ಈಗ ಓದು ಚಂದ್ರಹಾಸನ ಕಥೆಯವರೆಗೆ ಬಂದಿದೆ.

ನೀವೂ ಇಂತಹವರ ಬಳಿಗೆ ಹೋಗುವುದಾದರೆ, ಈ ಕಸುಬಿಗೆ ನಮ್ಮ ದೇಶದಲ್ಲಿ ಸರ್ಕಾರದ ಪರವಾನಗಿಯೆಂಬುದಿಲ್ಲ, ನಿನ್ನೆ ಫಲಕ ಬರೆಸಿದವನೂ ಇಂದು ಕೋಚೇ, ಎಂಬುದನ್ನು ನೆನಪಿಟ್ಟುಕೊಂಡು ಅವರ ತರಬೇತಿಯನ್ನು ವಿಚಾರಿಸಿ. ಆ ಅಂತರರಾಷ್ಟ್ರೀಯ ಸಂಘದವರು ಕೋಚಿಂಗ್ ನಡೆಸಿದ ಅನುಭವವನ್ನು ಲೆಕ್ಕಹಾಕಿ, 100, 500, 2500 ಗಂಟೆಗಳೆಂದು ಮೂರು ದರ್ಜೆಯ ಪ್ರಮಾಣಪತ್ರಗಳನ್ನು ಕೊಡುವರು. ನಿದ್ರೆ ಬಾರದ, ಊಟ ಸೇರದ, ಬದುಕೇ ಬೇಡವೆನ್ನಿಸುವ ದುಃಖವಿದ್ದರೆ ಚಕ್ರ ಬರೆಯುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ, ಇಲ್ಲವೇ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅದಕ್ಕೆ ಶುಲ್ಕವೂ ಇಲ್ಲ. ಏನು ಬೇಕೆಂದು ತಿಳಿದೂ ಕುಳಿತಲ್ಲಿಂದ ಏಳದವರಿಗೆ ಮಾತ್ರ ಈ ಹುಡುಗಿಯಂತಹವರು ಖಂಡಿತ ಪ್ರಯೋಜನಕ್ಕೆ ಬರುವರು. ಜೀವನಚಕ್ರವನ್ನು ಬರೆಯುವಾಗ ದಾಂಪತ್ಯಕ್ಕೆ ಹತ್ತಕ್ಕೆ ಹತ್ತನ್ನೇ ಹಾಕಿ.