ಕಾರುದಾನ ಪ್ರಸಂಗ

ಅಮೆರಿಕದಲ್ಲಿರುವ ನನ್ನ ಭಾವಮೈದ ತನ್ನ ಹಳೇ ಎಲೆಕ್ಟ್ರಿಕ್ ಕಾರನ್ನು ಅಲ್ಲಿಯ ರೇಡಿಯೊ ಸ್ಟೇಷನ್ನಿಗೆ ದಾನ ಮಾಡಿದನಂತೆ. ರೇಡಿಯೊದವರು ಕಾರು ಇಟ್ಟುಕೊಂಡು ಏನು ಮಾಡುತ್ತಾರೆ ಅಂದೆ. ಹರಾಜು ಹಾಕಿಸಿ, ಬಂದ ದುಡ್ಡಿನಲ್ಲಿ ಕಾರ್ಯಕ್ರಮ ನಡೆಸುತ್ತಾರಂತೆ. ಗಾಡಿಯನ್ನು ಮನೆ ಬಾಗಿಲಿಂದ ಅವರೇ ಎಳೆಸಿಕೊಂಡು ಹೋಗುತ್ತಾರೆ, ಮೇಲೆ ಇವನಿಗೆ ತೆರಿಗೆಯಲ್ಲಿ ರಿಯಾಯಿತಿ. ಪುಣ್ಯವನ್ನು ಮನೆಗೇ ಬಂದು ಕೊಟ್ಟುಹೋಗುವ ದೇಶ! ಫೋನು ಸ್ಪೀಕರಿನಲ್ಲಿತ್ತು. ನನ್ನ ಹೆಂಡತಿಯ ಕಣ್ಣು ಕಿಟಕಿಯಾಚೆ ನಿಂತಿದ್ದ ನಮ್ಮ ರೇವಾ ಮೇಲೆ ಬಿತ್ತು.

ರೇವಾ ನೆನಪಿದೆಯಲ್ಲ? ಟೆಸ್ಲಾ ಅನ್ನುವ ಕಂಪನಿ ಇನ್ನೂ ಹುಟ್ಟೇ ಇರದ 2001ರಲ್ಲಿ ಚೇತನ್ ಮೈನಿಯವರು ನಮ್ಮ ಬೆಂಗಳೂರಿನಿಂದ ರಸ್ತೆಗಿಳಿಸಿದ ಎರಡು ಬಾಗಿಲಿನ ಪುಟ್ಟ ಕಾರು. ಲಂಡನ್ನಿನಲ್ಲಿ ಇದೇ ಗಾಡಿ ಜಿ-ವಿಜ್ ಅಂತ ಹೆಸರು ಬದಲಿಸಿಕೊಂಡು ಓಡಾಡಿತು. ಪಟ್ಟಣದ ನಡುಭಾಗಕ್ಕೆ ಹೋಗಲು ಮಿಕ್ಕ ಕಾರಿನವರು ಕಟ್ಟಬೇಕಿದ್ದ ಸುಂಕ ಇದಕ್ಕೆ ಮಾಫಿಯಾಗಿತ್ತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ನಮ್ಮ ಕಡೆ ಮದುವೆಗೆ ಹೊರಟಾಗ ಹಿಂದೆ ದೊಡ್ಡವರೂ ಕೂತದ್ದುಂಟು, ಮೊಣಕಾಲನ್ನು ಕಿವಿಗೆ ತಾಗಿಸಿಕೊಂಡು. ಸೀಟಿನ ಕೆಳಗೆ 6 ವೋಲ್ಟಿನ 8 ಬ್ಯಾಟರಿ. ಸೀಸದವು, ಆಗಾಗ ಡಿಸ್ಟಿಲ್ಡ್ ವಾಟರ್ ಕುಡಿಸಬೇಕು. ಹೊಸದರಲ್ಲಿ ಒಂದು ಚಾರ್ಜಿಗೆ 80 ಕಿ.ಮೀ. ಲೆಕ್ಕ. ಬ್ಯಾಟರಿಗೆ ವಯಸ್ಸಾದಂತೆ ಆ ಲೆಕ್ಕ ಜಯನಗರದಿಂದ ಮಲ್ಲೇಶ್ವರಕ್ಕೆ, ಆಮೇಲೆ ಗಾಂಧಿ ಬಜಾರಿಗೆ, ಕಡೆಗೆ ನಮ್ಮ ಗೇಟಿಗೆ ಬಂದು ನಿಂತಿತು.

"ರೀ, ನಾವೂ ದಾನ ಮಾಡಿಬಿಡೋಣ" ಅಂದಳು. ಆ ಜಾಗದಲ್ಲಿ ಕರಿಬೇವಿನ ಗಿಡ ನೆಡುವ ಯೋಚನೆ ಅವಳಿಗಿತ್ತು ಅನ್ನುವುದು ಬೇರೆ ಮಾತು. ನನಗೂ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಸೀದಿಯ ಯೋಚನೆ ಇತ್ತು.

ಆಡಿಟರು ಮೊದಲಿಗೇ ತಣ್ಣೀರೆರಚಿದರು. "80ಜಿ ದುಡ್ಡಿಗೆ ಮಾತ್ರ ಸಾರ್. ಕಾರು, ಅಕ್ಕಿಮೂಟೆ, ಹಳೇ ಸೀರೆ ಯಾವುದಕ್ಕೂ ಇಲ್ಲ. ಮಾರಿ ದುಡ್ಡು ಕೊಡಿ. ಅದೂ 2,000 ರೂಪಾಯಿ ದಾಟಿದರೆ ನಗದು ಬೇಡ." ಮಾರುವ ಹಾಗಿದ್ದರೆ ದಾನದ ಮಾತು ಯಾಕೆ ಬರುತ್ತಿತ್ತು?

ವೃದ್ಧಾಶ್ರಮದ ಮ್ಯಾನೇಜರು ಖುದ್ದಾಗಿ ಬಂದು ನೋಡಿದರು. ಬಾಗಿಲು ತೆಗೆದು, ಕೂತು, ಎದ್ದರು. ಏಳುವಾಗ ನನ್ನ ಭುಜ ಹಿಡಿದುಕೊಂಡರು. "ನಮ್ಮಲ್ಲಿರೋರೆಲ್ಲ ಮಂಡಿನೋವಿನವರು ಸ್ವಾಮಿ. ಕೂರಿಸಬಹುದು, ಎಬ್ಬಿಸೋದು ಯಾರು? ಚಾರ್ಜಿಗೆ 15 ಆಂಪಿಯರ್ ಸಾಕೆಟ್ ಬೇರೆ ಬೇಕಂತೀರಿ. ಇರೋದು ಒಂದು, ಅದಕ್ಕೆ ಗೀಸರ್ ಹಾಕಿದೀವಿ." ಕಾರಿಗಾಗಿ ಇಷ್ಟು ಜನ ಹಿರಿಯರ ಬಿಸಿನೀರು ಕಿತ್ತುಕೊಳ್ಳುವ ಧೈರ್ಯ ನನಗಾಗಲಿಲ್ಲ. ಗೋಶಾಲೆಯವರದು ಇನ್ನೂ ಚುಟುಕು: "ಹಾಲು ಬತ್ತಿದ ಹಸು ಇದ್ದರೆ ಕಳಿಸಿ."

ಇದನ್ನೆಲ್ಲ ಹಜಾರದಲ್ಲಿ ಬತ್ತಿ ಹೊಸೆಯುತ್ತ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಬಾಯಿ ತೆರೆದಳು. "ಕಠೋಪನಿಷತ್ತಿನಲ್ಲಿ ನಚಿಕೇತನ ಅಪ್ಪನೂ ಹೀಗೇ ಕಣೋ. ಯಜ್ಞ ಮಾಡಿ ಸರ್ವಸ್ವ ದಾನ ಅಂತ ಹೇಳಿ, ಹುಲ್ಲು ತಿಂದು ಮುಗಿಸಿದ, ನೀರು ಕುಡಿದು ಮುಗಿಸಿದ ಮುದಿ ಹಸುಗಳನ್ನ ಕೊಟ್ಟ. ನಿನ್ನ ಕಾರೂ ಡಿಸ್ಟಿಲ್ಡ್ ನೀರು ಕುಡಿದು ಮುಗಿಸಿರೋದೇ ತಾನೆ? ಇರಲಿ, ನನ್ನನ್ನ ಯಾರಿಗೆ ಕೊಡ್ತೀಯ?" ಮಗ ಇದೇ ಪ್ರಶ್ನೆ ಕೇಳಿದಾಗ ಆ ಮಹರ್ಷಿ ಸಿಟ್ಟಿನಲ್ಲಿ ಕೊಟ್ಟ ಉತ್ತರ, ಯಮನಿಗೆ ಅಂತ. ಹೆತ್ತ ತಾಯಿಗೆ ಅದನ್ನು ಹೇಳಲಾದೀತೆ? ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟೆ.

ಗುಜರಿಯವನು ಬಂದ. ಬಾಗಿಲಿನ ಮೇಲೆ ಬೆರಳು ಮಡಿಸಿ ಕುಟ್ಟಿದ; ಟಣ್ ಅನ್ನಬೇಕಾದದ್ದು ಟಪ್ ಅಂದಿತು. ಜೇಬಿನಿಂದ ಅಯಸ್ಕಾಂತ ತೆಗೆದು ಬಾನೆಟ್ಟಿಗೆ ಹಿಡಿದ, ಜಾರಿ ಬಿತ್ತು. "ತಗಡೇ ಇಲ್ವಲ್ಲ ಸಾರ್, ಎಲ್ಲ ಪ್ಲಾಸ್ಟಿಕ್ಕು" ಅಂದವನ ದನಿಯಲ್ಲಿ ಕನಿಕರವಿತ್ತು. ಸೀಟೆತ್ತಿ ಬ್ಯಾಟರಿ ನೋಡಿದ್ದೇ ತಡ, ಮುಖ ಅರಳಿತು. ಸೀಸಕ್ಕೆ ಬೆಲೆ ಇದೆಯಂತೆ, ಬ್ಯಾಟರಿ ಕೊಟ್ಟರೆ ಈಗಲೇ ಒಯ್ಯುತ್ತಾನಂತೆ. ಇಡೀ ಕಾರಿನಲ್ಲಿ ಸತ್ತಿದ್ದದ್ದು ಅದೊಂದೇ. ಬೆಲೆ ಇದ್ದದ್ದೂ ಅದೊಂದಕ್ಕೇ.

ಕಡೆಗೆ ಕೈ ಚಾಚಿದವರು ಐಟಿಐ ಒಂದರ ಮೇಷ್ಟ್ರು. ಓಡುವುದಿಲ್ಲ ಅಂತ ನಾನು ಸಂಕೋಚದಿಂದ ಹೇಳಿದೆ. "ಓಡದಿದ್ದರೇ ಒಳ್ಳೇದು ಸಾರ್" ಅಂದರು. "ಓಡೋ ಗಾಡಿ ಕೊಟ್ಟರೆ ಪ್ರಿನ್ಸಿಪಾಲರು ಓಡಿಸ್ತಾರೆ, ಹುಡುಗರ ಕೈಗೆ ಸಿಗಲ್ಲ." ಫಾರಂ 29, ಫಾರಂ 30 ಅಂತ ಅವರು ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ಎಳೆಯುವ ಗಾಡಿಯ ಬಾಡಿಗೆ ದಾನಿಯದು. ಹಾರ, ಶಾಲು, ಮೈಸೂರು ಪೇಟದ ಖರ್ಚು ಅವರದು. ಪೇಟ ತೊಟ್ಟು ಕೂತು, ನನ್ನ ಔದಾರ್ಯದ ಬಗ್ಗೆ ಪ್ರಿನ್ಸಿಪಾಲರು ಆಡಿದ ಮಾತನ್ನು ಅರ್ಧ ನಂಬಿಯೂ ಬಿಟ್ಟಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಬಾನೆಟ್ ಎತ್ತಿ ನೋಡಿ ಕೂಗಿದ: "ಸಾರ್, ಎಂಜಿನ್ನೇ ಕದ್ದುಬಿಟ್ಟಿದಾರೆ!" ಸಭೆಯ ಕಣ್ಣೆಲ್ಲ ನನ್ನ ಮೇಲೆ. ಇದಕ್ಕೆ ಎಂಜಿನ್ ಇರುವುದಿಲ್ಲ, ಮೋಟರು ಹಿಂದಿದೆ ಅಂತ ಮೇಷ್ಟ್ರು ವಿವರಿಸುವ ತನಕ ಶಾಲಿನೊಳಗೆ ಬೆವೆತೆ.

ಮೊನ್ನೆ ಮೇಷ್ಟ್ರ ಫೋನು. ಹುಡುಗರು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದಾರಂತೆ, ಬಹಳ ಉತ್ಸಾಹವಂತೆ. "ಒಂದು ಸಣ್ಣ ಸಮಸ್ಯೆ ಸಾರ್, ಅರ್ಧ ಬಕೆಟ್ ನಟ್ಟು-ಬೋಲ್ಟು ಮಿಕ್ಕಿವೆ. ಎಲ್ಲಿಯವು ಅಂತ ನೋಡೋಕೆ ಇನ್ನೊಂದು ರೇವಾ ಸಿಗಬಹುದಾ?"

ಎದುರುಮನೆಯವರ ನಂಬರು ಕೊಟ್ಟೆ. ಅವರ ಹೆಂಡತಿ ನಮ್ಮ ಕರಿಬೇವಿನ ಗಿಡ ನೋಡಿಕೊಂಡು ಹೋದಾಗಿನಿಂದ ಆ ಮನೆಯಲ್ಲೂ ದಾನದ ಮಾತು ಶುರುವಾಗಿದೆಯಂತೆ.