ನಿಮ್ಮಲ್ಲಿ ಎಷ್ಟು ಬಿತ್ತು?

ಮಾರ್ಚ್ ಬಂತೆಂದರೆ ಮೂಡಿಗೆರೆ ಕಡೆಯ ಕಾಫಿ ತೋಟದವರು ಒಬ್ಬರ ಕ್ಷೇಮ ಒಬ್ಬರು ಕೇಳುವುದನ್ನು ಬಿಡುತ್ತಾರೆ. ಫೋನ್ ಎತ್ತಿದ ಕೂಡಲೇ, 'ನಿಮ್ಮಲ್ಲಿ ಎಷ್ಟು ಬಿತ್ತು?' ದೇಶಕ್ಕೆಲ್ಲ ಮಿಲಿಮೀಟರು ಬಂದು ಎಷ್ಟೋ ಕಾಲವಾಯಿತು. ನಮ್ಮಲ್ಲಿ ಮಳೆ ಇನ್ನೂ ಇಂಚು, ಸೆಂಟ್ಸಿನಲ್ಲೇ ಬೀಳುತ್ತದೆ. 100 ಸೆಂಟ್ಸಿಗೆ ಒಂದು ಇಂಚು. ಕೆಳಗಿನ ತೋಟದ ಬಾವನ ಮಳೆಮಾಪಕದಲ್ಲಿ ಯಾವಾಗಲೂ ನಮಗಿಂತ ಹತ್ತು ಸೆಂಟ್ಸು ಹೆಚ್ಚು. ಅದಕ್ಕೆ ಸೂರಿನ ನೀರೂ ಸೇರುತ್ತಿದೆಯೆಂದು ನನ್ನ ಗುಮಾನಿ. ಸಂಬಂಧ ಕೆಡಬಾರದಲ್ಲ, ಹೋಗಿ ನೋಡಿಲ್ಲ.

ಮಳೆಯ ವಿಷಯದಲ್ಲಿ ಕಾಫಿ ಗಿಡದ ಬೇಡಿಕೆಗಳು ಗಂಡಿನ ಕಡೆಯ ಬೀಗರಿಗಿಂತ ಹೆಚ್ಚು. ಮೊದಲು ಮೊಗ್ಗು ಬಿಸಿಲಲ್ಲಿ ಚೆನ್ನಾಗಿ ಬಾಯಾರಬೇಕು. ಆಮೇಲೆ ಹೂಮಳೆ, ಒಂದರಿಂದ ಒಂದೂವರೆ ಇಂಚು, ಒಂದೇ ಸಲಕ್ಕೆ. ಕಡಿಮೆ ಬಿದ್ದರೆ ಮೊಗ್ಗು ಅರೆಬರೆ ಬಿರಿದು ಮುನಿಸಿಕೊಳ್ಳುತ್ತದೆ. ಸರಿಯಾಗಿ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಅವತ್ತು ಬೆಳಿಗ್ಗೆ ಮಾತ್ರ ಮಳೆ ಕೂಡದು. ರೊಬಸ್ಟಾ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟುವುದಿಲ್ಲ. ಗಾಳಿಯೋ ಜೇನೋ ಬೇರೆ ಗಿಡದ್ದು ತರಬೇಕು, ಒದ್ದೆ ಪರಾಗ ಹಾರುವುದಿಲ್ಲ. ಅರೇಬಿಕಾ ಆ ಮಟ್ಟಿಗೆ ಸ್ವಾವಲಂಬಿ. ಕಾಯಿ ನಿಲ್ಲಬೇಕಾದರೆ ಎರಡು-ಮೂರು ವಾರ ಬಿಟ್ಟು ಬ್ಯಾಕಿಂಗ್ ಮಳೆ. ಬಾಳೆಹೊನ್ನೂರಿನ ಹತ್ತಿರ 1925ರಿಂದ ಕಾಫಿ ಸಂಶೋಧನೆ ನಡೆದಿದೆ. ತುಕ್ಕು ರೋಗ ತಾಳುವ ತಳಿಗಳು ಬಂದವು. ಹೇಳಿದ ದಿನ ಸುರಿಯುವ ಮೋಡದ ತಳಿ ಇನ್ನೂ ಬಂದಿಲ್ಲ.

ಕೆರೆಯಿದ್ದವರು ಮೋಡ ಕಾಯದೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಬಾವ ಈ ವರ್ಷ ರಾತ್ರಿಯಿಡೀ ಡೀಸೆಲ್ ಸುಟ್ಟು ಜೆಟ್ಟು ತಿರುಗಿಸಿದ. ಪೈಪು ಕಳಚಿ ಕೊಟ್ಟಿಗೆ ಸೇರಿಸಿದ ಸಂಜೆಯೇ ಕಳಸದ ಕಡೆಯಿಂದ ಗುಡುಗಿತು. ಅವತ್ತು ಅವನ ಫೋನ್ ಬರಲಿಲ್ಲ. ನಾನೇ ಮಾಡಿದೆ.

ಆಮೇಲೆ ಮಳೆಗೆ ನಿಲ್ಲುವುದೇ ಮರೆತುಹೋಯಿತು. 40 ಸೆಂಟ್ಸು, ಎರಡು ದಿನ ಬಿಸಿಲು, ಮತ್ತೆ 60. ಕಳೆ ಮೊಣಕಾಲಿಗೆ ಬಂತು. ಬುಡಬುಡದಲ್ಲೂ ಕಂಬಚಿಗುರು. ನೆರಳುಮರದ ರೆಂಬೆ ಸವರುವ ಮರಗಸಿಯವರು ಸಿಕ್ಕ ದಿನ ಮರ ಜಾರುತ್ತದೆ. ಮರ ಒಣಗಿದ ದಿನ ಅವರಿಗೆ ಜಾತ್ರೆ.

ಮೊನ್ನೆ ಒಂದು ರೆಂಬೆ ಬಗ್ಗಿಸಿ ನೋಡಿದೆ. ಬುಡದ ಗಿಣ್ಣಿನಲ್ಲಿ ಕಂದಿದ ಎಸಳು, ಅದರಡಿ ಗುಂಡುಸೂಜಿ ತಲೆಯಷ್ಟು ಪಿಂದೆ. ನಡುವಿನ ಗಿಣ್ಣಿನಲ್ಲಿ ಆಗಷ್ಟೇ ಬಿರಿದ ಹೂವು, ಒಳಗೆ ತಲೆ ತೂರಿಸಿದ ಒಂದು ತುಡುವೆ. ತುದಿಯಲ್ಲಿ ಇನ್ನೂ ಹಸಿರು ಮೊಗ್ಗು. ಹೂವು ಕಂತಿನಲ್ಲಿ ಬಂದರೆ ಹಣ್ಣೂ ಕಂತಿನಲ್ಲೇ ಬರುತ್ತದೆ. ಬೆನ್ನ ಹಿಂದೆ ನಿಂತಿದ್ದ ಮೇಸ್ತ್ರಿಯೂ ಬಗ್ಗಿ ನೋಡಿದರು.

'ಇದನ್ನ ಎಷ್ಟು ಸಲ ಕೊಯ್ಯದು ಅಯ್ಯಾ?'

'ಮೂರು ಸಲವಾದರೂ ಬೇಕು.'

'ಹಂಗಾರೆ ಕೊಯ್ಲಿನ ಕೂಲಿ ಮಾತು ಈಗಲೇ ಆಡಿಬಿಡನ' ಎಂದು ಕೊಡೆ ಮಡಚಿದರು.